ಪುಕ್ಕಟೆ ಬೀಗಕ್ಕೆ ವರ್ಷಾವರಿ ಸುಂಕ

ವೆಬ್ ಹೋಸ್ಟಿಂಗ್ ಮರುಮಾರಾಟ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಎಲ್ಲಿ ಅಗ್ಗಕ್ಕೆ ಸಿಗುತ್ತದೆ? ನನ್ನ ತಕರಾರು ಈ ಪ್ರಶ್ನೆಯ ಬಗ್ಗೆಯೇ. ಪುಕ್ಕಟೆ ಸಿಗುವುದನ್ನು ಅಗ್ಗದ ದರಕ್ಕೆ ಹುಡುಕುವವರು ಬಹುತೇಕ ಅದನ್ನು ಇನ್ನೊಬ್ಬರಿಗೆ ದುಬಾರಿಗೆ ಮಾರಲೆಂದೇ ಹುಡುಕುತ್ತಿರುತ್ತಾರೆ.

ಎಸ್‌ಎಸ್‌ಎಲ್ ಅಂದರೆ ಓದುಗರ ಮೊಬೈಲಿಗೂ ಜಾಲತಾಣಕ್ಕೂ ನಡುವೆ ಹೋಗುವ ಮಾಹಿತಿಗೆ ಹಾಕುವ ಬೀಗ. ಸಾಮಾನ್ಯ ತಾಣಕ್ಕೆ ಬೇಕಾದ ಸರ್ಟಿಫಿಕೇಟು ಹೇಳುವುದು ಇಷ್ಟೇ: ಈ ವಿಳಾಸ ನಿಜಕ್ಕೂ ಇವರ ಕೈಯಲ್ಲಿದೆ. ಅದನ್ನು ಪರೀಕ್ಷಿಸುವುದು ಯಂತ್ರ. ಸರ್ವರಿನಲ್ಲಿ ಒಂದು ಫೈಲ್ ಇಡಿಸಿ ನೋಡುತ್ತದೆ, ಕೆಲವೇ ಕ್ಷಣದ ಕೆಲಸ. ಕೊಟ್ಟ ಹಣ ಹೆಚ್ಚಾದರೆ ಬೀಗ ಗಟ್ಟಿಯಾಗುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಡಿಸೆಂಬರಿನಿಂದ ಎಲ್ಲರಿಗೂ ಇದನ್ನು ಉಚಿತವಾಗಿ ಕೊಡುತ್ತಿದೆ. ಉಪವಿಳಾಸಗಳೆಲ್ಲಕ್ಕೂ ಸೇರಿ ಒಂದೇ ಸರ್ಟಿಫಿಕೇಟನ್ನು 2018ರಿಂದ ಕೊಡುತ್ತಿದೆ. ರೀಸೆಲ್ಲರ್‌ಗಳು ಬಳಸುವ ಸಿಪ್ಯಾನೆಲ್‌ನಲ್ಲಿ ಆಟೊಎಸ್‌ಎಸ್‌ಎಲ್ 2016ರಿಂದಲೇ ಇದೆ.

ಉಚ್ಚಂಗಿದುರ್ಗದ ಸುತ್ತಮುತ್ತಲಿನ ಶಾಸನಗಳ ಫೋಟೊ, ಹೆಣ್ಣುಮಕ್ಕಳು ಹಾಡಿದ ಹಾಡುಗಳ ಧ್ವನಿಮುದ್ರಣ, ಇವನ್ನೆಲ್ಲ ಒಂದೆಡೆ ಇಡೋಣವೆಂದು ನಾವು ಕೆಲವು ಸಂಶೋಧನಾ ವಿದ್ಯಾರ್ಥಿಗಳು ಒಂದು ಸಣ್ಣ ತಾಣ ಮಾಡಿಸಿದ್ದೆವು. ಎರಡನೆಯ ವರ್ಷದ ಬಿಲ್ಲಿನಲ್ಲಿ ಜಾಗದ ಬಾಡಿಗೆಗಿಂತ ಎಸ್‌ಎಸ್‌ಎಲ್ ಸಾಲಿನ ಮೊತ್ತವೇ ದೊಡ್ಡದಿತ್ತು. ಯಾಕೆಂದು ಕೇಳಿದರೆ, "ಕಟ್ಟಲಿಲ್ಲಾಂದ್ರ ಸೈಟ್ ಸೇಫ್ ಇಲ್ಲ ಅಂತ ಬರ್ತತ್ರಿ" ಎಂಬ ಉತ್ತರ. ವಿಳಾಸದ ಪಕ್ಕದ ಗುರುತನ್ನು ಒತ್ತಿ ಸರ್ಟಿಫಿಕೇಟ್ ತೆರೆದು ನೋಡಿದೆವು. ಕೊಟ್ಟವರ ಹೆಸರು ಲೆಟ್ಸ್ ಎನ್‌ಕ್ರಿಪ್ಟ್! ಫೆಲೋಶಿಪ್ಪಿನ ದುಡ್ಡಲ್ಲಿ ನಾವು ಕೊಂಡದ್ದು ಧರ್ಮಕ್ಕೆ ಸಿಗುವ ಬೀಗವನ್ನು.

ಈ ವ್ಯಾಪಾರ ನಡೆಯುವುದು ಭಯದ ಮೇಲೆ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಬೀಗವಿಲ್ಲದ ತಾಣಗಳನ್ನೆಲ್ಲ 'ಸುರಕ್ಷಿತವಲ್ಲ' ಎಂದು ತೋರಿಸತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ಆ ಎಚ್ಚರಿಕೆಯನ್ನು ಕಂಡು ಹೆದರುವವರು ಹಳ್ಳಿಯ ಶಾಲೆ, ದೇವಸ್ಥಾನ ಸಮಿತಿ, ಸಹಕಾರ ಸಂಘ, ಮೂರು ಜನ ಸೇರಿ ನಡೆಸುವ ಕನ್ನಡದ ಕಿರುಪತ್ರಿಕೆ. ಅವರಿಗೆ ಬಿಲ್ಲು ಭಾರವಾದ ವರ್ಷ ತಾಣ ಮುಚ್ಚುತ್ತದೆ. ಹಾಳೆಯ ಪತ್ರಿಕೆ ನಿಂತರೆ ಹಳೆಯ ಸಂಚಿಕೆಯಾದರೂ ಯಾರದೋ ಅಟ್ಟದ ಮೇಲೆ ಸಿಕ್ಕೀತು. ಸರ್ವರಿನಿಂದ ಅಳಿಸಿದ್ದನ್ನು ಎಲ್ಲಿ ಹುಡುಕುವುದು?

ಕಾಸು ಕೊಟ್ಟರೆ ಹೆಚ್ಚು ನಂಬಿಕೆ ಸಿಗುತ್ತದೆ ಎನ್ನುವವರಿದ್ದಾರೆ. ಹಣ ಪಡೆದು ಸರ್ಟಿಫಿಕೇಟ್ ಮಾರುವುದರಲ್ಲಿ ದೊಡ್ಡ ಹೆಸರಾಗಿದ್ದ ಸಿಮ್ಯಾಂಟೆಕ್‌ನ ಹಳೆಯ ಸರ್ಟಿಫಿಕೇಟುಗಳನ್ನು ಕ್ರೋಮ್ 2018ರಲ್ಲಿ ನಂಬುವುದನ್ನೇ ನಿಲ್ಲಿಸಿತು. ಸರ್ಕಾರದ ಮೊಹರಿದ್ದರೂ ಅಷ್ಟೇ: 2014ರಲ್ಲಿ ನಮ್ಮ ಎನ್‌ಐಸಿಯ ಘಟಕದಿಂದಲೇ ಗೂಗಲ್ ವಿಳಾಸಗಳ ಹೆಸರಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿದ್ದವು. ಸಂಸ್ಥೆಯ ಕಾಗದಪತ್ರ ಪರಿಶೀಲಿಸಿ ಕೊಡುವ ದುಬಾರಿ ಬಗೆಯೂ ಇದೆ, ನಿಜ. ಆದರೆ ಅದಕ್ಕೆಂದು ತೋರಿಸುತ್ತಿದ್ದ ವಿಶೇಷ ಗುರುತನ್ನು ವಿಳಾಸದ ಪಟ್ಟಿಯಿಂದ ಕ್ರೋಮ್ 2019ರಲ್ಲಿ ತೆಗೆದುಹಾಕಿತು. ಬ್ಯಾಂಕಿಗೆ ಅದು ಬೇಕಾಗಬಹುದು, ಹಾಡಿನ ಸಂಗ್ರಹಕ್ಕೆ ಯಾಕೆ ಬೇಕು?

ಇನ್ನೊಂದು ವಾದವನ್ನು ತಳ್ಳಿಹಾಕಲಾರೆ. ರೀಸೆಲ್ಲರ್ ಕೂಡ ದುಡಿದು ತಿನ್ನುವವರು. ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಕೂತು, ರಾತ್ರಿ ಹತ್ತಕ್ಕೆ ಫೋನ್ ಎತ್ತಿ ಸೈಟ್ ಸರಿಮಾಡಿಕೊಡುವವರಿಗೆ ಕೂಲಿ ಬೇಡವೇ? ಖಂಡಿತ ಬೇಕು. ಅದನ್ನು ಕೂಲಿ ಎಂದೇ ಬರೆಯಲಿ. 'ನಿರ್ವಹಣೆ, ಇಷ್ಟು ರೂಪಾಯಿ' ಎಂದು ಬರೆದರೆ ಕೊಡಲು ಯಾರಿಗೂ ಬೇಸರವಿಲ್ಲ. ನೀರು ಹೊತ್ತು ತಂದವರಿಗೆ ಕೂಲಿ ಕೊಡುತ್ತೇವೆ. ಕೆರೆಯೇ ತಮ್ಮದು ಎಂದರೆ ಒಪ್ಪುವುದು ಹೇಗೆ? ಅಗ್ಗದ ಪ್ಲ್ಯಾನುಗಳಲ್ಲಿ ಉಚಿತ ಸರ್ಟಿಫಿಕೇಟಿಗೆ ದಾರಿ ಮುಚ್ಚಿಟ್ಟ ಕಂಪನಿಗಳೂ ಇವೆ. ಅಂಥಲ್ಲಿ ಜಾಗ ಕೊಂಡ ರೀಸೆಲ್ಲರ್ ಸ್ವತಃ ಸಿಕ್ಕಿಹಾಕಿಕೊಂಡಿರುತ್ತಾರೆ. ಅವರು ಹುಡುಕಬೇಕಾದದ್ದು ಅಗ್ಗದ ಸರ್ಟಿಫಿಕೇಟನ್ನಲ್ಲ, ದಾರಿ ಮುಚ್ಚದ ಕಂಪನಿಯನ್ನು.

ಹೇಗೂ ಈ ಸರಕಿನ ಆಯುಷ್ಯ ಮುಗಿಯುತ್ತ ಬಂದಿದೆ. ಸರ್ಟಿಫಿಕೇಟಿನ ಗರಿಷ್ಠ ಅವಧಿಯನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ತರುವುದೆಂದು ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ 2025ರ ಏಪ್ರಿಲಿನಲ್ಲಿ ತೀರ್ಮಾನಿಸಿವೆ. ಆಗ ನವೀಕರಣವನ್ನು ಯಂತ್ರಕ್ಕೇ ಬಿಡಬೇಕಾಗುತ್ತದೆ. ವರ್ಷಕ್ಕೊಮ್ಮೆ ಬಿಲ್ಲು ಹರಿದು ಕೈಯಾರೆ ಹಾಕಿಕೊಡುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಶಾಲೆಯದೋ ಸಂಘದ್ದೋ ತಾಣವನ್ನು ಕಂಪ್ಯೂಟರಿನಲ್ಲಿ ತೆರೆಯಿರಿ, ವಿಳಾಸದ ಎಡಗಡೆಯ ಗುರುತನ್ನು ಒತ್ತಿ, ಸರ್ಟಿಫಿಕೇಟ್ ಕೊಟ್ಟವರ ಹೆಸರು ಓದಿ. ಆಮೇಲೆ ಬಿಲ್ಲು ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡೂ ತಾಳೆಯಾಗದಿದ್ದರೆ ಕೇಳಿ.