ಗಣಿತಕ್ಕೆ ಮಗುವಿಗೊಬ್ಬ ಟ್ಯೂಷನ್ ಟೀಚರ್: ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ ಯಾವುದು?

ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ತಳೇಗಾಂವ ದಾಭಾಡೆ ಈಗ ಕಾರ್ಖಾನೆಗಳ ಊರು. ಜನರಲ್ ಮೋಟರ್ಸ್ ಬಿಟ್ಟುಹೋದ ಇಲ್ಲಿನ ಘಟಕವನ್ನು ಹ್ಯುಂಡೈ ಕೊಂಡುಕೊಂಡಿದೆ. ಗಂಡ-ಹೆಂಡತಿ ಇಬ್ಬರೂ ದುಡಿಯುವ, ಅಜ್ಜ-ಅಜ್ಜಿ ದೂರದ ಊರಲ್ಲಿರುವ ಕುಟುಂಬಗಳಿಗೆ ಇಂಥ ಊರುಗಳಲ್ಲಿ ಕೊರತೆ ಇಲ್ಲ. ಸಂಜೆ ಮಗುವಿನ ಗಣಿತದ ಪುಸ್ತಕ ತೆರೆದು ಕೂರುವವರು ಯಾರು? ಈ ಪ್ರಶ್ನೆಗೆ ಮಾರುಕಟ್ಟೆ ಕೊಡುವ ಉತ್ತರ, 'ಒನ್ ಟು ಒನ್' ಟ್ಯೂಷನ್. ಅಂದರೆ ಒಂದು ಮಗುವಿಗೆ ಒಬ್ಬರೇ ಶಿಕ್ಷಕರು.

ಟ್ಯೂಷನ್ ಈಗ ದಡ್ಡ ಮಕ್ಕಳಿಗೆ ಎಂಬ ಕಾಲ ಹೋಗಿದೆ. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶೇ 27ರಷ್ಟು ವಿದ್ಯಾರ್ಥಿಗಳು ಖಾಸಗಿ ಕೋಚಿಂಗ್ ಪಡೆಯುತ್ತಿದ್ದಾರೆ. ನಗರಗಳಲ್ಲಿ ಇದು ಶೇ 30.7. ಹಳ್ಳಿಗಳೂ ಹಿಂದೆ ಬಿದ್ದಿಲ್ಲ, ಶೇ 25.5. ಇಷ್ಟಾದರೂ ಮಕ್ಕಳ ಲೆಕ್ಕ ಸುಧಾರಿಸಿದೆಯೇ ಎಂದು ನೋಡಿದರೆ ಚಿತ್ರ ಬೇರೆ. 'ಅಸರ್' 2024ರ ವರದಿಯಂತೆ ಗ್ರಾಮೀಣ ಭಾರತದಲ್ಲಿ 3ನೇ ತರಗತಿಯ ಶೇ 33.7ರಷ್ಟು ಮಕ್ಕಳಿಗೆ ಮಾತ್ರ ಎರಡಂಕಿಯ ಕಳೆಯುವ ಲೆಕ್ಕ ಬರುತ್ತದೆ. 5ನೇ ತರಗತಿಯಲ್ಲಿ ಭಾಗಾಕಾರ ಮಾಡಬಲ್ಲವರು ಶೇ 30.7.

52ರಿಂದ 37 ಕಳೆದರೆ 25?

ಒಂದು ಮಗು 52ರಿಂದ 37 ಕಳೆದು 25 ಎಂದು ಬರೆದಿದೆ ಅಂದುಕೊಳ್ಳಿ. ನಲವತ್ತು ಮಕ್ಕಳ ತರಗತಿಯಲ್ಲಿ ಅದಕ್ಕೆ ಕೆಂಪು ಶಾಯಿಯ ತಪ್ಪು ಗುರುತು ಬೀಳುತ್ತದೆ, ಕೆಳಗೆ 15 ಎಂಬ ಸರಿ ಉತ್ತರ. ಮಗು ಅದನ್ನು ನಕಲು ಮಾಡಿಕೊಳ್ಳುತ್ತದೆ, ಮುಗಿಯಿತು. ಆದರೆ ಪಕ್ಕದಲ್ಲಿ ಕೂತು 'ಹೇಗೆ ಮಾಡಿದೆ, ಹೇಳು' ಎಂದು ಕೇಳಿದರೆ ಗುಟ್ಟು ಹೊರಬರುತ್ತದೆ. 5ರಲ್ಲಿ 3 ಹೋದರೆ 2. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ರಲ್ಲೇ 2 ಕಳೆದೆ, 5. ಮಗು ಅಜಾಗರೂಕತೆಯಿಂದ ತಪ್ಪಿದ್ದಲ್ಲ. ತನ್ನದೇ ನಿಯಮವೊಂದನ್ನು ಶಿಸ್ತಾಗಿ ಪಾಲಿಸಿದೆ. ಅದಕ್ಕೆ ಬೇಕಿರುವುದು ಇನ್ನೂ ಇಪ್ಪತ್ತು ಕಳೆಯುವ ಲೆಕ್ಕಗಳಲ್ಲ, ಒಂದು ಹತ್ತನ್ನು ಬಿಡಿಸಿದರೆ ಹತ್ತು ಬಿಡಿಗಳು ಸಿಗುತ್ತವೆ ಎಂಬ ತಿಳಿವಳಿಕೆ.

ಒಬ್ಬರಿಗೊಬ್ಬರು ಪಾಠದ ಶಕ್ತಿ ಇರುವುದು ಇಲ್ಲಿ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ, ಹೀಗೆ ಕಲಿತ ಸಾಮಾನ್ಯ ವಿದ್ಯಾರ್ಥಿಯೂ ತರಗತಿಯಲ್ಲಿ ಕಲಿತ ಶೇ 98ರಷ್ಟು ಮಕ್ಕಳನ್ನು ಮೀರಿಸುತ್ತಾನೆ ಎಂದಿದ್ದರು. ಜಾಹೀರಾತುಗಳಿಗೆ ಬಹಳ ಇಷ್ಟವಾಗುವ ಮಾತು. ಆದರೆ ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಂಡಿಲ್ಲ. 2020ರಲ್ಲಿ 96 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಪರಿಣಾಮ ಬ್ಲೂಮ್ ಹೇಳಿದ್ದರ ಐದನೇ ಒಂದು ಭಾಗದಷ್ಟು. ಅದೂ ಕಡಿಮೆಯೇನಲ್ಲ, ಪವಾಡವಂತೂ ಅಲ್ಲ.

ಐವತ್ತೆರಡೋ, ಬಾವನ್ನವೋ?

ತಳೇಗಾಂವದಂಥ ಊರಿನಲ್ಲಿ ಕನ್ನಡ ಮನೆಯ ಮಗುವಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಐವತ್ತೆರಡು, ಅಂಗಡಿಯಲ್ಲಿ ಬಾವನ್ನ, ಇಂಗ್ಲಿಷ್ ಶಾಲೆಯಲ್ಲಿ ಫಿಫ್ಟಿ ಟೂ. ಕನ್ನಡದಲ್ಲಿ ಹತ್ತು ಮೊದಲು, ಬಿಡಿ ಆಮೇಲೆ, ಬರೆದಂತೆಯೇ ಓದುತ್ತೇವೆ. (ನಮ್ಮ ತೊಂಬತ್ತು, ಒಂಬೈನೂರು ಮಾತ್ರ ಸ್ವಲ್ಪ ಕಾಡುತ್ತವೆ.) ಮರಾಠಿಯಲ್ಲಿ ಪಂಚವೀಸ ಎಂದರೆ ಐದು ಮೊದಲು, ಇಪ್ಪತ್ತು ಆಮೇಲೆ. 29 ಏಕೋಣತೀಸ, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕೇಳಿದ ಸಂಖ್ಯೆಯನ್ನು ಮಗು ತಿರುಗುಮುರುಗು ಬರೆದರೆ ಆಶ್ಚರ್ಯವಿಲ್ಲ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಇದನ್ನೇ ಸರಿಪಡಿಸಲು ಹೊರಟಿತ್ತು. 2ನೇ ತರಗತಿ ಗಣಿತ ಪುಸ್ತಕದಲ್ಲಿ ಏಕವೀಸ ಬದಲು 'ವೀಸ ಏಕ' ಎಂದು ಹೇಳುವ ಕ್ರಮ ಬಂತು. ಅದು ಥೇಟ್ ನಮ್ಮ ಇಪ್ಪತ್ತೊಂದು! ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದ ಗಣಿತಜ್ಞೆ ಮಂಗಳಾ ನಾರಳೀಕರ್ ಇದು ಮಕ್ಕಳಿಗೆ ಸುಲಭ ಎಂದು ವಾದಿಸಿದರು. ಮರಾಠಿ ಭಾಷೆ ಹಾಳಾಯಿತು ಎಂದು ಗದ್ದಲವೆದ್ದಿತು. ಹಾಗಾದರೆ ಫಡಣವೀಸರನ್ನು 'ಫಡಣ ದೋನ್ ಶೂನ್ಯ' ಎನ್ನಬೇಕೇ ಎಂದು ಅಜಿತ್ ಪವಾರ್ ವಿಧಾನಸಭೆಯಲ್ಲಿ ಕುಟುಕಿದರು. ನಗೆಯ ನಡುವೆ ಮಗುವಿನ ಕಷ್ಟ ಹಿಂದೆ ಸರಿಯಿತು.

ಮಗು ಎಡವುತ್ತಿರುವುದು ಲೆಕ್ಕದಲ್ಲೋ, ಸಂಖ್ಯೆಯ ಹೆಸರಿನಲ್ಲೋ ಎಂದು ಪತ್ತೆ ಹಚ್ಚುವುದು ಎದುರಿಗೆ ಕೂತವರಿಗಷ್ಟೇ ಸಾಧ್ಯ.

ಫೋನ್ ಕರೆಯಲ್ಲೇ ಪಾಠ

ಇಷ್ಟಕ್ಕೆ ದುಬಾರಿ ಆ್ಯಪ್ ಬೇಕೇ? ಕೋಡಿಂಗ್, ಆಮೇಲೆ ಗಣಿತವನ್ನೂ ಒಬ್ಬರಿಗೊಬ್ಬರು ಕಲಿಸುತ್ತಿದ್ದ ವೈಟ್‌ಹ್ಯಾಟ್ ಜೂನಿಯರ್ ಅನ್ನು ಬೆಂಗಳೂರಿನ ಬೈಜೂಸ್ 2020ರಲ್ಲಿ 30 ಕೋಟಿ ಡಾಲರ್‌ಗೆ ಕೊಂಡಿತ್ತು. ನಾಲ್ಕೇ ವರ್ಷದಲ್ಲಿ ಬೈಜೂಸ್ ದಿವಾಳಿ ಪ್ರಕ್ರಿಯೆಗೆ ಸಿಲುಕಿತು.

ಅದೇ 2020ರಲ್ಲಿ, ಶಾಲೆ ಮುಚ್ಚಿದ್ದಾಗ, ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಒಂದು ಸರಳ ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ಗಣಿತದ ಎಸ್‌ಎಂಎಸ್ ಮಾತ್ರ. ಇನ್ನು ಕೆಲವಕ್ಕೆ ಎಸ್‌ಎಂಎಸ್ ಜತೆ ವಾರಕ್ಕೊಂದು, ಸುಮಾರು 20 ನಿಮಿಷದ ಫೋನ್ ಕರೆ. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಕರೆ ಬಂದ ಮನೆಯ ಮಕ್ಕಳು ಮುಂದೆ ಹೋದರು. ಬಳಿಕ ಭಾರತವೂ ಸೇರಿ ಐದು ದೇಶಗಳ 16 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಸರ್ಕಾರಿ ಶಿಕ್ಷಕರು ಕರೆ ಮಾಡಿದರೂ ಫಲ ಕಡಿಮೆಯಾಗಲಿಲ್ಲ.

ಕರ್ನಾಟಕ ಇದೇ ದಾರಿ ಹಿಡಿದಿದೆ. ಜೆ-ಪಾಲ್ ಸಂಸ್ಥೆಯ ಸಹಯೋಗದ 'ಗಣಿತ ಗಣಕ' ಕಾರ್ಯಕ್ರಮದಲ್ಲಿ 3ರಿಂದ 5ನೇ ತರಗತಿಯ ಸರ್ಕಾರಿ ಶಾಲಾ ಮಕ್ಕಳಿಗೆ ಶಿಕ್ಷಕರೇ ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಆದರೆ ಶಿಕ್ಷಕರ ಮೇಲೆ ಈಗಾಗಲೇ ಎಷ್ಟು ಕೆಲಸಗಳಿವೆ ಎಂಬುದು ಗೊತ್ತಿರುವ ಮಾತೇ. ಈ ಕರೆಗೆ ಸಮಯ ಎಲ್ಲಿಂದ ಎಂಬ ಪ್ರಶ್ನೆಯನ್ನು ಇಲಾಖೆ ತಳ್ಳಿಹಾಕುವಂತಿಲ್ಲ.

ಹಣ ಕೊಟ್ಟು ಟ್ಯೂಷನ್ ಹಾಕುವ ಪೋಷಕರಿಗೆ ಕಾನೂನಿನ ಆಸರೆ ಅಷ್ಟಕ್ಕಷ್ಟೇ. ಕೇಂದ್ರದ 2024ರ ಕೋಚಿಂಗ್ ಮಾರ್ಗಸೂಚಿ ಅನ್ವಯಿಸುವುದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಮನೆಗೆ ಬಂದು ಒಂದು ಮಗುವಿಗೆ ಕಲಿಸುವವರು ಅದರ ಹೊರಗಿದ್ದಾರೆ. ಹಾಗಾಗಿ ಪರೀಕ್ಷೆ ಮಾಡಬೇಕಾದವರು ಪೋಷಕರೇ. 'ಸಿಲಬಸ್ ಎಷ್ಟು ಮುಗಿಸುತ್ತೀರಿ' ಎಂದು ಕೇಳಿದರೆ ಮಗ್ಗಿಯಂತೆ ಉತ್ತರ ಬರುತ್ತದೆ. ಎರಡು ವಾರದ ನಂತರ 'ನನ್ನ ಮಗು ಎಲ್ಲಿ ನಿಂತಿದೆ, ಯಾಕೆ ನಿಂತಿದೆ' ಎಂದು ಕೇಳಿ ನೋಡಿ. ಮಗುವಿನ ಪುಸ್ತಕ ತೆರೆದು 52ರಿಂದ 37 ಕಳೆದಂಥ ಒಂದಾದರೂ ಲೆಕ್ಕ ತೋರಿಸಿ ವಿವರಿಸಲು ಆಗದವರು, 5ನೇ ತರಗತಿಯ ಮಗುವಿಗೆ 3ನೇ ತರಗತಿಯ ಪಾಠಕ್ಕೆ ಹಿಂದಿರುಗಲು ಒಪ್ಪದವರು, ಒಂದೇ ಮಗುವಿನ ಮುಂದೆ ಕೂತು ತರಗತಿಯ ಪಾಠವನ್ನೇ ಮಾಡುತ್ತಿದ್ದಾರೆ.