ಆರು ಚೌಕ, ಇಪ್ಪತ್ನಾಲ್ಕು ಮೂಲೆ

ಗದಗ ಜಿಲ್ಲೆಯ ಡಂಬಳದಲ್ಲಿರುವ ದೊಡ್ಡಬಸಪ್ಪ ಗುಡಿಯ ವಿಮಾನ, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ, ದೂರದಿಂದ ದುಂಡಗೇ ಕಾಣುತ್ತದೆ. ಹತ್ತಿರ ಹೋದರೆ ಆ ದುಂಡು ಮಾಯ. ಸೀರೆಯ ನೆರಿಗೆಯಂತೆ ಗೋಡೆ ಒಳಗೆ ಹೊರಗೆ ಮಡಚಿಕೊಂಡು ಸುತ್ತಿ ಬಂದಿದೆ. ಕಲ್ಯಾಣದ ಚಾಲುಕ್ಯರ ಕಾಲದ, 12ನೇ ಶತಮಾನದ ಗುಡಿಯಿದು. ಇದರ ಹೊರಗೋಡೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ತನ್ನಿ ಎಂದು ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಹೇಳಿದರೆ, ಬಹಳಷ್ಟು ಜನ ಮಾಡುವ ಮೊದಲ ಕೆಲಸವೆಂದರೆ ಒಂದು ಫೋಟೊ ತೆರೆದಿಟ್ಟು ಅದರ ಮೇಲೆ ಗೆರೆ ಎಳೆಯುವುದು. ಒಂದು ಮಡಿಕೆ ಮುಗಿಯುತ್ತದೆ, ಎರಡನೆಯದು ಮುಗಿಯುತ್ತದೆ, ಐದನೆಯದರ ಹೊತ್ತಿಗೆ ಅಳತೆ ತಪ್ಪುತ್ತದೆ. ಸುತ್ತು ಹಾಕಿ ಬಂದ ಗೋಡೆ ಹೊರಟ ಜಾಗಕ್ಕೆ ಬಂದು ಸೇರುವುದಿಲ್ಲ. ಕೆಲಸವನ್ನು ಪರೀಕ್ಷಕರ ಮುಂದಿಡುವ ಜ್ಯೂರಿಯ ಹಿಂದಿನ ರಾತ್ರಿ ಆ ಸಂದನ್ನು ಹೇಗೋ ಎಳೆದು ಮುಚ್ಚಿ, ರೆಂಡರ್‌ನಲ್ಲಿ ಆ ಕಡೆಗೊಂದು ಮರ ನೆಡುವುದುಂಟು.

ಫೋಟೊ ಬದಿಗಿಟ್ಟು ಒಂದು ಚೌಕ ಬರೆಯಿರಿ. ನಡುಬಿಂದುವನ್ನು ಕದಲಿಸದೆ 15 ಡಿಗ್ರಿ ತಿರುಗಿಸಿ ಅದರ ಮೇಲೆ ಇನ್ನೊಂದು ಚೌಕ ಇಡಿ. ಹೀಗೆ ಆರು ಚೌಕಗಳಾದ ಮೇಲೆ ಏಳನೆಯದು ಮೊದಲನೆಯದರ ಮೇಲೇ ಬಂದು ಕೂರುತ್ತದೆ. ಆರು ಚೌಕಕ್ಕೆ 24 ಮೂಲೆ. ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗೆರೆಯನ್ನಷ್ಟೇ ಉಳಿಸಿಕೊಂಡರೆ ಡಂಬಳದ ತಳವಿನ್ಯಾಸದ ಬೀಜ ಸಿಕ್ಕಿತು. ಚಾಚಿದ ಮೂಲೆ 90 ಡಿಗ್ರಿ. ಎರಡು ಮೂಲೆಗಳ ನಡುವಿನ ಸಂದು 105 ಡಿಗ್ರಿ. ಫೋಟೊ ನೋಡಿ ಬರೆದವರು ಎಡವುವುದು ಈ ಹದಿನೈದು ಡಿಗ್ರಿಯಲ್ಲೇ. ಎರಡೂ 90 ಎಂದುಕೊಂಡರೆ ಗೋಡೆ ಸುತ್ತುವುದೇ ಇಲ್ಲ, ಮೆಟ್ಟಿಲಿನ ಹಾಗೆ ನೇರ ಹೋಗಿಬಿಡುತ್ತದೆ.

ರೈನೊ ತಂತ್ರಾಂಶದೊಳಗೆ ಗ್ರಾಸ್‌ಹಾಪರ್ ಬಳಸುವವರಿಗೆ ಇದು ಐದಾರು ಹೆಜ್ಜೆಯ ಕೆಲಸ. ಚೌಕಗಳ ಸಂಖ್ಯೆಯನ್ನು ಒಂದು ಸ್ಲೈಡರಿಗೆ ಕಟ್ಟಿದರಾಯಿತು. ಆರನ್ನು ನಾಲ್ಕಕ್ಕೆ ಇಳಿಸಿದರೆ 16 ಮೂಲೆಯ ನಕ್ಷತ್ರ, ಸೋಮನಾಥಪುರದ ಗುಡಿಯದ್ದು. ಹನ್ನೆರಡಕ್ಕೆ ಏರಿಸಿದರೆ 48. ಈ ಸ್ಲೈಡರ್ ಆಟದಲ್ಲಿ ಒಂದು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ. 16 ಮೂಲೆಯಲ್ಲಿ ಸಂದಿನ ಆಳ ತ್ರಿಜ್ಯದ ಶೇ. 15ರಷ್ಟು, 24ರಲ್ಲಿ ಶೇ. 11, 48ರಲ್ಲಿ ಶೇ. 6. ಮೂಲೆ ಹೆಚ್ಚಿದಷ್ಟೂ ನೆರಳು ತೆಳುವಾಗುತ್ತ, ಕೊನೆಗೆ ಬರೀ ಕಂಬದ ದುಂಡು ಉಳಿಯುತ್ತದೆ. ದುಂಡಗೂ ಕಾಣಬೇಕು, ಮಡಿಕೆಯಲ್ಲಿ ಕತ್ತಲೆಯೂ ನಿಲ್ಲಬೇಕು ಎನ್ನುವವರಿಗೆ 24 ಒಳ್ಳೆಯ ಜಾಗ. ಡಂಬಳದ ಸ್ಥಪತಿ ಹೀಗೆಯೇ ಲೆಕ್ಕ ಹಾಕಿದನೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಆಯ್ಕೆಯ ಸುತ್ತಮುತ್ತ ಏನೇನಿತ್ತು ಎಂಬುದನ್ನು ನೋಡಲು ಇದಕ್ಕಿಂತ ಸಲೀಸಾದ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಸೊಗಸಿದೆ. ಈ ನಕ್ಷತ್ರದ 48 ಬದಿಗಳೂ ನಡುಬಿಂದುವಿನಿಂದ ಒಂದೇ ದೂರದಲ್ಲಿವೆ. ಹಾಗಾಗಿ ಹೊರಗೆರೆಯನ್ನು ಒಂದು ಗೇಣು ಹೊರಕ್ಕೆ ಸರಿಸುವುದೂ ಇಡೀ ನಕ್ಷತ್ರವನ್ನು ಅಷ್ಟು ಹಿಗ್ಗಿಸುವುದೂ ಒಂದೇ ಆಗುತ್ತದೆ. ಚೌಕ ತಳದ, ನಡುವೆ ಚಾಚುಗಳಿರುವ ಸಾಮಾನ್ಯ ಗುಡಿಯಲ್ಲಿ ಹಾಗಲ್ಲ; ಅಲ್ಲಿ ಹೊರಕ್ಕೆ ಸರಿಸಿದರೆ ಚಾಚು ಅಗಲವಾಗುತ್ತದೆ, ನಡುವಿನ ಸಂದು ಕಿರಿದಾಗುತ್ತದೆ, ಪ್ರಮಾಣ ಬದಲಾಗುತ್ತದೆ. ಡಂಬಳದಲ್ಲಿ ಅಧಿಷ್ಠಾನದ (ಗುಡಿಯ ಪೀಠದ) ಪಟ್ಟಿಕೆ ಎಷ್ಟು ಚಾಚಿದರೂ, ಏಳು ತಲಗಳ (ಅಂತಸ್ತುಗಳ) ವಿಮಾನ ಮೇಲೇರುತ್ತ ಎಷ್ಟು ಕುಗ್ಗಿದರೂ ನಕ್ಷತ್ರ ತನ್ನ ಪ್ರಮಾಣ ಬಿಡಬೇಕಾಗಿಲ್ಲ. ಕಾಗದದ ಮೇಲೆ ಈ ಮಾತು ಒಣ ರೇಖಾಗಣಿತ. ಮಾಡೆಲ್ಲಿನಲ್ಲಿ ಆಫ್‌ಸೆಟ್ ಮತ್ತು ಸ್ಕೇಲ್ ಎಂಬ ಎರಡು ಆಜ್ಞೆ ಕೊಟ್ಟು, ಎರಡೂ ಒಂದರ ಮೇಲೊಂದು ಕೂತಿದ್ದನ್ನು ಕಂಡಾಗ ಮಾತ್ರ ವಿದ್ಯಾರ್ಥಿ ಕುರ್ಚಿಯಲ್ಲಿ ನೆಟ್ಟಗಾಗುತ್ತಾನೆ.

ಕಟ್ಟಡದ ಮೈಯನ್ನು ಬಿಟ್ಟು ಅದು ಹುಟ್ಟಿದ ನಿಯಮವನ್ನು ಮಾಡೆಲ್ ಮಾಡಬೇಕು ಎಂಬುದು ನನ್ನ ಹಟ. ಸಿಡ್ನಿಯ ಆಪೆರಾ ಹೌಸ್ ಈ ಹಟದ ದೊಡ್ಡ ಸಾಕ್ಷಿ. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸಾನ್ ಸ್ಪರ್ಧೆ ಗೆದ್ದಾಗ ಆ ಚಿಪ್ಪುಗಳು ಕೈಯಲ್ಲೆಳೆದ ಗೆರೆಗಳಷ್ಟೇ ಆಗಿದ್ದವು, ಅವಕ್ಕೆ ಗಣಿತವಿರಲಿಲ್ಲ. ಓವ್ ಅರಪ್ ಕಂಪನಿಯ ಎಂಜಿನಿಯರುಗಳು ಪ್ಯಾರಾಬೋಲ ಹಾಕಿ ನೋಡಿದರು, ಎಲಿಪ್ಸಾಯ್ಡ್ ಹಾಕಿ ನೋಡಿದರು; ಪ್ರತಿ ಪಕ್ಕೆಲುಬಿಗೂ ಬೇರೆ ಅಚ್ಚು ಬೇಕಾಗುತ್ತಿತ್ತು. ಕೊನೆಗೆ ಎಲ್ಲ ಚಿಪ್ಪುಗಳನ್ನೂ 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿಕೊಳ್ಳುವ ದಾರಿ ಸಿಕ್ಕಿತು. ಗೋಳದ ಬಾಗು ಎಲ್ಲೆಡೆ ಒಂದೇ ಆದ್ದರಿಂದ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಬಹುದಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಹೆಂಚುಬಿಲ್ಲೆಗಳನ್ನು ನೆಲದಲ್ಲೇ ಜೋಡಿಸಿ ಹಲಗೆಗಳಾಗಿ ಮೇಲೇರಿಸಲು ಸಾಧ್ಯವಾಯಿತು. 

ಇದಕ್ಕೆ ಎದುರು ಸಾಕ್ಷಿಯೂ ಇದೆ. ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗನ್‌ಹೈಮ್ ಮ್ಯೂಸಿಯಮ್ಮಿಗೆ ಗೋಳವೂ ಇಲ್ಲ, ಚೌಕವೂ ಇಲ್ಲ. ಫ್ರಾಂಕ್ ಗೆಹ್ರಿ ಕೈಯಲ್ಲಿ ಮಾಡಿದ ಮಾಡೆಲ್ಲುಗಳನ್ನು ಅಳೆದು, ವಿಮಾನ ತಯಾರಿಕೆಗೆಂದು ಹುಟ್ಟಿದ ಕಾಟಿಯಾ ತಂತ್ರಾಂಶಕ್ಕೆ ಉಣಿಸಿ, ಟೈಟಾನಿಯಂ ಹೊದಿಕೆಯ ಆ ಮೈಯನ್ನು ಕಟ್ಟಿದರು. ನಿಯಮವಿಲ್ಲದಿದ್ದರೂ ನಡೆಯುತ್ತದೆ, ನಿಜ. ಆದರೆ ಆ ಬಾಗುಗಳನ್ನು ಕಟ್ಟಲಾಗುವಂತೆ ಬಿಡಿಸಿಕೊಡಲು ಗೆಹ್ರಿಯ ಕಚೇರಿಯಂಥ ಕಚೇರಿ ಬೇಕು. ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಬಾಗು ಎಳೆಯಲು ಖರ್ಚೇ ಇಲ್ಲವಾದ್ದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

ಈಗ ಫೋಟೊಗ್ರಾಮೆಟ್ರಿಯೂ ಕೈಗೆ ಬಂದಿದೆ. ಒಂದರ ಮೇಲೊಂದು ಹಾಯುವಂತೆ ನೂರಾರು ಫೋಟೊ ತೆಗೆದು ಯಂತ್ರಕ್ಕೆ ಕೊಟ್ಟರೆ ಗೋಡೆ ಲಕ್ಷಾಂತರ ತ್ರಿಕೋನಗಳ ಮೆಶ್ ಆಗಿ ಎದ್ದು ನಿಲ್ಲುತ್ತದೆ. ಬಿರುಕು ಎಲ್ಲಿದೆ, ಹತ್ತು ವರ್ಷದಲ್ಲಿ ಕಲ್ಲು ಎಷ್ಟು ಸವೆದಿದೆ ಎಂದು ನೋಡುವ ಸಂರಕ್ಷಣೆಯವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಕಲಿಯುವವನಿಗೆ ಮಾತ್ರ ಅದು ಮೂಕ. ಯಾವುದು ಪೀಠದ ಕುಮುದ ಪಟ್ಟಿಕೆ, ಯಾವುದು ಸೂರಿನಂಥ ಕಪೋತ, ಒಂದು ಕೂಟ (ಕಿರುಗುಡಿಯ ಆಕೃತಿ) ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಮೆಶ್‌ಗೆ ಗೊತ್ತಿಲ್ಲ. ಬಳಪದ ಕಲ್ಲಿನಲ್ಲಿ ಉಳಿ ಬಹಳ ಒಳಕ್ಕೆ ಹೋಗಿರುತ್ತದೆ. ಕ್ಯಾಮೆರಾ ಇಣುಕಲಾಗದ ಆ ಹಿಂಬದಿಗಳಲ್ಲಿ ಮೆಶ್ ತೂತಾಗುತ್ತದೆ, ಅಥವಾ ತಂತ್ರಾಂಶ ಊಹೆಯಿಂದ ಮೆತ್ತಿಬಿಡುತ್ತದೆ.

ಹಾಗೆಂದು ನಿಯಮವೂ ಕೊನೆಯವರೆಗೆ ಬರುವುದಿಲ್ಲ. ಚೌಕ ತಿರುಗಿಸಿದರೆ ಗೋಡೆ ಬಂದೀತು, ಪಟ್ಟಿಕೆ ಬಂದೀತು, ತಲಗಳು ಬಂದಾವು. ಬಳ್ಳಿಯ ಸುಳಿ, ಮಕರದ ಬಾಯಿ ಯಾವ ಸ್ಲೈಡರಿಗೂ ಬಗ್ಗುವುದಿಲ್ಲ. ಅಲ್ಲಿ ಸ್ಕ್ಯಾನ್ ಮಾಡಿದ ತುಣುಕನ್ನು ನಿಯಮದಿಂದ ಕಟ್ಟಿದ ಗೋಡೆಗೆ ಕೂರಿಸುವುದೇ ಸರಿ. ಯಾವುದು ಲೆಕ್ಕದ್ದು, ಯಾವುದು ಕಲ್ಲಿನಿಂದ ನೇರ ಎತ್ತಿದ್ದು ಎಂದು ಬೇರೆ ಬೇರೆ ಲೇಯರಿನಲ್ಲಿಟ್ಟರೆ ನೋಡುವವರಿಗೂ ತಿಳಿಯುತ್ತದೆ.

ಡಂಬಳ ಮುಗಿಸಿದವರು ಸೋಮನಾಥಪುರಕ್ಕೆ ಹೋಗಬಹುದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಅಲ್ಲಿ ಜನ ಹೆಚ್ಚಾಗಿರುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಲೇಸು. 24ರ ಬದಲು 16 ಮೂಲೆ ಎಂದು ಕೆಲಸ ಹಗುರವಾಗುವುದಿಲ್ಲ. ಅಲ್ಲಿ ಮೂರು ನಕ್ಷತ್ರಗಳು ಒಂದೇ ಮಂಟಪಕ್ಕೆ ಬಂದು ಕೂಡುತ್ತವೆ, ಗುಡಿ ನಿಂತ ಕಟ್ಟೆಯಾದ ಜಗತಿಯೂ ಅವುಗಳ ಅಂಚನ್ನೇ ಹಿಡಿದು ಸುತ್ತುತ್ತದೆ. ಕೂಡುವ ಕಡೆ ಪ್ರತಿ ನಕ್ಷತ್ರವೂ ಕೆಲವು ಮೂಲೆಗಳನ್ನು ಕಳೆದುಕೊಳ್ಳಲೇಬೇಕು. ಎಷ್ಟು ಕಳೆದುಕೊಂಡಿದೆ, ಎಲ್ಲಿ ತುಂಡಾಗಿದೆ ಎಂಬುದನ್ನು ಗುಡಿಯ ಸುತ್ತ ನಡೆದು ಎಣಿಸಿ ಬಂದ ಮೇಲೆಯೇ ಲ್ಯಾಪ್‌ಟಾಪ್ ತೆರೆಯಬೇಕು.