ಮೇಳದಲ್ಲಿ ಧಾನ್ಯ ಕೊಳ್ಳಿ, ಮಾತ್ರೆ ಬಿಡಬೇಡಿ

ಕಳೆದ ತಿಂಗಳು ನಿವೃತ್ತ ಶಿಕ್ಷಕರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು. ಕಾಲಿನ ಹೆಬ್ಬೆರಳಿನ ಹುಣ್ಣು ಮೂರು ವಾರವಾದರೂ ಮಾಗಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷಿಸಿದರೆ ಸಕ್ಕರೆ 290 ಇತ್ತು.

‘ಮಾತ್ರೆ ತಗೋತಿದ್ದೀರಾ ಮೇಷ್ಟ್ರೇ?’ ಎಂದು ಕೇಳಿದೆ.

‘ಸಿರಿಧಾನ್ಯ ಮೇಳಕ್ಕೆ ಹೋಗಿ ಬಂದ ಮೇಲೆ ನಿಲ್ಲಿಸಿಬಿಟ್ಟೆ ಡಾಕ್ಟ್ರೇ. ಈಗ ಎರಡು ತಿಂಗಳಿಂದ ಮೂರು ಹೊತ್ತೂ ನವಣೆ, ಊದಲು. ಸಕ್ಕರೆ ಹತೋಟಿಗೆ ಬರುತ್ತೆ ಅಂತ ನೀವೇ ಅಲ್ಲಿ ಭಾಷಣ ಮಾಡಿದ್ರಲ್ಲ’ ಎಂದರು.

ಅವರು ಹೇಳಿದ್ದು ನಿಜ. ಸಂಘಟಕರು ಕರೆದಿದ್ದರು, ಹದಿನೈದು ನಿಮಿಷ ಮಾತನಾಡಿದ್ದೆ. ‘ಮಾತ್ರೆ ನಿಲ್ಲಿಸಬೇಡಿ’ ಎಂಬ ಎರಡು ಪದ ಸೇರಿಸಲು ಮರೆತಿದ್ದೆ. ವೇದಿಕೆಯ ಪಕ್ಕದ ಮಳಿಗೆಯಲ್ಲಿ ‘ಮಧುಮೇಹದಿಂದ ಮುಕ್ತಿ’ ಎಂಬ ಫಲಕವೂ ತೂಗುತ್ತಿತ್ತು. ಅದನ್ನು ನೋಡಿಯೂ ಸುಮ್ಮನಿದ್ದೆ. ಇಂದಿನ ಈ ಬರಹ ಆ ತಪ್ಪಿಗೆ ಒಂದು ತಿದ್ದುಪಡಿ.

ಇಂಥ ಮೇಳಗಳು ಬೇಡವೆಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಎಷ್ಟೋ ಮೊದಲೇ ನಮ್ಮ ರೈತರು ಮಳೆ ನೆಚ್ಚಿ ಸಾಮೆ, ನವಣೆ ಬೆಳೆಯುತ್ತಿದ್ದರು. ಆ ಬೆಳೆ ಹಿಂದೆ ಸರಿದುದಕ್ಕೆ ಅಗ್ಗದ ಅಕ್ಕಿಯಷ್ಟೇ ಕಾರಣವಲ್ಲ. ರಾಗಿಯನ್ನು ನೇರವಾಗಿ ಬೀಸಬಹುದು. ಆದರೆ ಸಾಮೆ, ಹಾರಕ, ಊದಲು, ಕೊರಲೆಗಳ ಗಟ್ಟಿ ಹೊಟ್ಟನ್ನು ತೆಗೆಯಲೇಬೇಕು. ಒನಕೆ ಹಿಡಿದು ಕುಟ್ಟುವ ಆ ಶ್ರಮವೆಲ್ಲ ಹೆಂಗಸರ ಪಾಲಿಗಿತ್ತು. ಈಗ ಯಂತ್ರಗಳು ಬಂದಿವೆ. ರೈತರು ನೇರವಾಗಿ ನಿಮ್ಮ ಕೈಗೆ ಧಾನ್ಯ ಕೊಟ್ಟರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ.

ಆರೋಗ್ಯಕ್ಕೂ ಲಾಭವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವೂ 11 ಗ್ರಾಂ ನಾರೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇರುವುದಿಲ್ಲ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಪದಾರ್ಥ ಸುಮಾರು 78 ಗ್ರಾಂ. ನವಣೆ, ಸಾಮೆ, ರಾಗಿಯಲ್ಲಿ 60ರಿಂದ 67 ಗ್ರಾಂ. ಅಂದರೆ ಸಿರಿಧಾನ್ಯವೂ ಹೊಟ್ಟೆಯಲ್ಲಿ ಸಕ್ಕರೆಯಾಗಿಯೇ ಕರಗುತ್ತದೆ, ತುಸು ನಿಧಾನವಾಗಿ ಅಷ್ಟೆ. ನುಣ್ಣಗೆ ಹಿಟ್ಟು ಮಾಡಿ ತೆಳ್ಳಗೆ ಗಂಜಿ ಕಾಸಿದರೆ ಆ ನಿಧಾನವೂ ಉಳಿಯುವುದಿಲ್ಲ. ಮೇಷ್ಟ್ರು ಕುಡಿಯುತ್ತಿದ್ದುದು ದಿನಕ್ಕೆ ಮೂರು ಲೋಟ ಗಂಜಿ, ಮೇಲೆ ಬೆಲ್ಲ!

ಹಾಗಾದರೆ ಮೇಳಕ್ಕೆ ಹೋದಾಗ ಏನು ಮಾಡಬೇಕು?

ಮೊದಲು ಧಾನ್ಯದ ಬಣ್ಣ ನೋಡಿ. ಬೆಳ್ಳಗೆ ಹೊಳೆಯುವ ಸಾಮೆ ತೌಡು ಕಳೆದುಕೊಂಡಿದೆ. ಅದರೊಂದಿಗೆ ನಾರೂ ಹೋಗಿದೆ. ತೌಡು ಉಳಿದ ಧಾನ್ಯ ತುಸು ಮಂಕಾಗಿರುತ್ತದೆ, ಬೇಗ ಮುಗ್ಗಲು ವಾಸನೆ ಬರುತ್ತದೆ. ಆದ್ದರಿಂದ ಒಂದು ತಿಂಗಳಿಗಾಗುವಷ್ಟೇ ಕೊಳ್ಳಿ. ಬಿಸ್ಕತ್ತು, ಲಾಡು, ಸಿಹಿ ಮಾಲ್ಟಿನ ಪೊಟ್ಟಣಗಳ ಬದಲು ಇಡೀ ಧಾನ್ಯಕ್ಕೆ ಹಣ ಕೊಡಿ. ಅಡುಗೆಯ ಕಮ್ಮಟವಿದ್ದರೆ ತಪ್ಪದೆ ಕುಳಿತುಕೊಳ್ಳಿ, ಮನೆಯ ಗಂಡಸರೂ ಕುಳಿತುಕೊಳ್ಳಲಿ. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರು ಹಾಕಬೇಕು ಎಂದು ತಿಳಿಯದೆ ಕೊಂಡ ಧಾನ್ಯ ಡಬ್ಬಿಯಲ್ಲೇ ಹುಳು ಹಿಡಿಯುತ್ತದೆ. ಅನ್ನದ ಅಳತೆ ತಗ್ಗಿಸಿ, ಪಕ್ಕದಲ್ಲಿ ಬೇಳೆ, ಸೊಪ್ಪು, ಕಾಳಿನ ಪಲ್ಯ ಹೆಚ್ಚಿಸಿ.

ಮಾತ್ರೆ, ಇನ್ಸುಲಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಆಹಾರ ಬದಲಿಸಿದ ಮೇಲೆ ಕೆಲವರಿಗೆ ಔಷಧದ ಪ್ರಮಾಣ ತಗ್ಗಿಸಬೇಕಾಗುತ್ತದೆ, ನಿಜ. ಅದನ್ನು ರಕ್ತ ಪರೀಕ್ಷೆ ಮಾಡಿಸಿ ನಿಮ್ಮ ವೈದ್ಯರೇ ತಗ್ಗಿಸಲಿ. ಇನ್ಸುಲಿನ್ನನ್ನೇ ನೆಚ್ಚಿ ಬದುಕಿರುವ ಮಕ್ಕಳಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.

ಮೇಳ ನಡೆಸುವವರಲ್ಲಿ ನನ್ನದೊಂದು ವಿನಂತಿ. ರೋಗ ಗುಣವಾಗುತ್ತದೆಂದು ಬರೆದ ಫಲಕಕ್ಕೆ ಮಳಿಗೆಯಲ್ಲಿ ಜಾಗ ಕೊಡಬೇಡಿ. ರೈತರ ಧಾನ್ಯ ಒಳ್ಳೆಯ ಆಹಾರವೆಂದೇ ಮಾರಾಟವಾಗಲಿ, ಅದಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ. ಸುಳ್ಳು ನಂಬಿ ಕೆಟ್ಟವನು ಮುಂದಿನ ವರ್ಷ ಆ ರೈತನ ಕಡೆ ತಿರುಗಿಯೂ ನೋಡುವುದಿಲ್ಲ.

ಮೇಷ್ಟ್ರು ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ಹುಣ್ಣು ಮಾಗುತ್ತಿದೆ, ಬೆರಳು ಉಳಿದಿದೆ. ಮಧ್ಯಾಹ್ನದ ಊಟಕ್ಕೆ ಈಗಲೂ ನವಣೆ ಅನ್ನವೇ, ಒಂದು ಬಟ್ಟಲು. ಮುಂದಿನ ಮೇಳಕ್ಕೆ ನಾವಿಬ್ಬರೂ ಹೋಗುತ್ತೇವೆ. ಈ ಸಲ ಭಾಷಣವನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿದೆ.